ಬಂಗಾರದ ಹುಳದ ಉಪವಾಸ

“ತಿನ್ನು ಅಂದ್ರೆ ತಿನ್ನಬೇಕು! ನಿಂಗೇನ್ ಕಮ್ಮಿ ಮಾಡಿದೀನಿ ನಾನು?”

ಐಶು ರೇಗಿದ್ದು ಪ್ಲಾಸ್ಟಿಕ್ ಡಬ್ಬಿಯೊಳಗಿನ ಹುಳದ ಮೇಲೆ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹುಳವೆಂದರೂ ಬಿಡುವವಳಲ್ಲ.

ಉಗುರಿನಷ್ಟಗಲದ ಆ ಹುಳ ಶನಿವಾರ ಅಂಗಡಿಯಿಂದ ತಂದ ಗೆಣಸಿನ ಸೊಪ್ಪಿನಲ್ಲಿ ಸಿಕ್ಕಿತ್ತು. ಶ್ರೀಲಂಕಾದಿಂದ ಸೊಪ್ಪಿನ ಜೊತೆ ವಿಮಾನ ಹತ್ತಿ ಇವರಿರುವ ಪರದೇಶದ ಊರು ಸ್ವೋರ್ಡ್ಸ್‌ಗೆ ಬಂದಿತ್ತು. ಬೆನ್ನು ಥಳಥಳ ಹೊಳೆಯುವ ಬಂಗಾರ. ಮಂಗಳವಾರವಾದರೂ ಅದು ಲೆಟಿಸ್ ಮುಟ್ಟಲಿಲ್ಲ, ಕೋಸು ಮೂಸಲಿಲ್ಲ. ಬಂಗಾರ ಮಾಸುತ್ತಾ ಬಂತು.

ತಮ್ಮ ತೇಜು ಲೈಬ್ರರಿ ಪುಸ್ತಕ ತೋರಿಸಿದ. “ಅಕ್ಕಾ, ಇದು ಗೆಣಸಿನ ಎಲೆ, ಆಮೇಲೆ ಆ ಜಾತಿ ಬಳ್ಳಿ ಮಾತ್ರ ತಿನ್ನೋದಂತೆ. ಬೇರೆ ಏನ್ ಕೊಟ್ರೂ ವೇಸ್ಟ್!”

ಐಶು ಫ್ರಿಜ್ಜಿಗೆ ಓಡಿದಳು. ಸೊಪ್ಪಿರಲಿಲ್ಲ.

“ಅಮ್ಮಾ, ಸೊಪ್ಪೆಲ್ಲಿ?”

“ನೆನ್ನೆ ಪಲ್ಯ ಮಾಡ್ದೆ. ದಂಟು ಬ್ರೌನ್ ಬಿನ್‌ಗೆ ಹಾಕ್ದೆ.”

ಸಿಟ್ಟಿನಲ್ಲಿದ್ದ ಅಮ್ಮ ತಿರುಗಿಯೂ ನೋಡಲಿಲ್ಲ. ಐಶುವಿನ ಲಂಚ್ ಬಾಕ್ಸ್ ಇವತ್ತೂ ತುಂಬಿದ ಹಾಗೇ ವಾಪಸ್ ಬಂದಿತ್ತು. ಸ್ಕೂಲಿನ ಊಟದ ಬಿಡುವಿನಲ್ಲಿ ತಿನ್ನುತ್ತಾ ಕೂತರೆ ಸ್ಕಿಪ್ಪಿಂಗ್ ಆಟದಲ್ಲಿ ಜಾಗ ಸಿಗುವುದಿಲ್ಲ. ಅದನ್ನು ಅಮ್ಮನಿಗೆ ಹೇಳುವವರು ಯಾರು?

“ನನ್ ಹುಳ ಸಾಯ್ತಿದೆ, ನಿಂಗೆ ಪಲ್ಯದ ಚಿಂತೆ!”

ಐಶು ಹಿತ್ತಿಲ ಬಾಗಿಲು ಧಡಾರನೆ ಹಾಕಿಕೊಂಡು ಹೋಗಿ ಅಡುಗೆ ಕಸದ ಬ್ರೌನ್ ಬಿನ್ ಕೆದಕಿದಳು. ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು, ಟೀ ಚರಟ. ಹೇಸಿಗೆಗಿಂತ ಸಿಟ್ಟೇ ಜಾಸ್ತಿಯಿತ್ತು. ಕೊನೆಗೆ ಮೂರು ಬಾಡಿದ ಎಲೆಗಳ ಒಂದು ದಂಟು ಸಿಕ್ಕಿತು.

ತೊಳೆದು ಡಬ್ಬಿಗೆ ಹಾಕಿದಳು. ಹುಳ ಅಲ್ಲಾಡಲಿಲ್ಲ.

“ತಿನ್ನೋ, ಪ್ಲೀಸ್! ಕಣ್ಣೆದುರಿಗೇ ಒಣಗ್ತಿದೀಯಲ್ಲೋ!”

ತೇಜು ಕಿಸಕ್ಕನೆ ನಕ್ಕ. “ಸೇಮ್ ಅಮ್ಮ!”

“ಬಾಯ್ ಮುಚ್ಕೊಂಡಿರು!”

ಆಗ ಹುಳ ಮೆಲ್ಲಗೆ ಎಲೆಯ ಅಂಚಿಗೆ ಬಂತು. ಎಷ್ಟೋ ಹೊತ್ತಿನ ಮೇಲೆ ಎಲೆಯಲ್ಲಿ ಸಾಸಿವೆಯಷ್ಟು ತೂತು ಕಂಡಿತು. ಐಶುವಿಗೆ ಅಳುವೇ ಬಂತು.

ಹೇಳಲೆಂದು ಅಡುಗೆಮನೆಗೆ ಓಡಿದಳು. ಅಮ್ಮ ಸಿಂಕಿನ ಹತ್ತಿರ ಲಂಚ್ ಬಾಕ್ಸ್ ತೆರೆದು, ಮುಟ್ಟದ ಚಪಾತಿ ನೋಡುತ್ತಾ ನಿಂತಿದ್ದಳು. ಸಿಟ್ಟೆಲ್ಲ ಇಳಿದು ಮುಖದಲ್ಲಿ ಹೆದರಿಕೆ ಮಾತ್ರ ಉಳಿದಿತ್ತು. ಮೂರು ದಿನದಿಂದ ಹುಳದ ಡಬ್ಬಿಯ ಮುಚ್ಚಳದಲ್ಲಿ ಐಶುವಿಗೆ ಕಾಣುತ್ತಿದ್ದ ತನ್ನದೇ ಮುಖ ಹೀಗೇ ಇತ್ತು.

ಐಶು ಕೈ ತೊಳೆದು, ಚಪಾತಿ ಮುರಿದು ಬಾಯಿಗಿಟ್ಟುಕೊಂಡಳು.

“ಬಿಡೇ, ತಣ್ಣಗಾಗಿದೆ,” ಎಂದಳು ಅಮ್ಮ.

“ಗ್ರ್ಯಾಂಡ್ ಇದೆ, ಅಮ್ಮ, ಚೆನ್ನಾಗೇ ಇದೆ,” ಎನ್ನುತ್ತಾ ಐಶು ಇನ್ನೊಂದು ತುಂಡು ಮುರಿದಳು.