ಟಾರ್ಪಾಲಿನ ನಾಲ್ಕು ಮೂಲೆ

ಬೆಳಿಗ್ಗೆ ಎಂಟೂವರೆಗೆ ಕ್ರೇಗ್ ಹಾಲಿಂಗರ್ ತಾನು ಬಾಡಿಗೆಗೆ ತಂದಿದ್ದ ವ್ಯಾನಿನ ಟಾರ್ಪಾಲು ಬಿಚ್ಚಿದ. ಬಿಚ್ಚಿದವನೇ ಹಾಕಿದ ಕೂಗಿಗೆ ಬಿಡಾರದ ಅರ್ಧ ಜನ ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದರು. ವ್ಯಾನಿನ ಮೂತಿಯ ಕೆಳಗೆ ಟಾರ್ಪಾಲಿನ ಮೇಲೆ ರೇಡಿಯೇಟರಿನ ಹಸಿರು ನೀರು ಸೋರಿ ಒಣಗಿ ಕರೆ ಕಟ್ಟಿತ್ತು.

ಬಿಡಾರದ ಮೇಲ್ವಿಚಾರಕ ಗ್ಲೆನ್ ಪರ್ವಿಸ್‌ಗೆ ನೋಡಿದ ಕೂಡಲೇ ವಿಷಯ ಗೊತ್ತಾಯಿತು. ಸಿಯೆರಾ ಬೆಟ್ಟದ ಕೋಲ್ಡ್ ಫೋರ್ಕ್ ಕಣಿವೆಗೆ ಬರುವವರಿಗೆ ಅವನು ಮೊದಲು ಎಚ್ಚರ ಹೇಳುತ್ತಿದ್ದುದು ಕರಡಿಯ ಬಗ್ಗೆ ಅಲ್ಲ, ಮಾರ್ಮಟ್ ಬಗ್ಗೆ. ನೋಡಲು ದಪ್ಪ ಬೆಕ್ಕಿನಷ್ಟಿರುವ ಈ ಬೆಟ್ಟದ ಹೆಗ್ಗಣಕ್ಕೆ ಆ ಸಿಹಿ ಹಸಿರು ನೀರೆಂದರೆ ಪ್ರಾಣ. ಅದಕ್ಕಾಗಿ ಇಂಜಿನ್ನಿನೊಳಗೆ ನುಗ್ಗಿ ಪೈಪು ಕಡಿಯುತ್ತದೆ. ಹಾಗಾಗಿ ಇಲ್ಲಿ ಎಲ್ಲರೂ ಗಾಡಿಯನ್ನು ಟಾರ್ಪಾಲಿನ ಮೇಲೆ ನಿಲ್ಲಿಸಿ, ಸುತ್ತಲೂ ಅದನ್ನು ಮೇಲೆತ್ತಿ, ಮಗುವಿಗೆ ಲಂಗೋಟಿ ಕಟ್ಟಿದ ಹಾಗೆ ಹಗ್ಗ ಬಿಗಿಯುತ್ತಾರೆ. ಆ ಕೆಲಸ ಮಾಡಿಕೊಡಲು ಗ್ಲೆನ್ ಈ ಬೇಸಿಗೆಗೆ ಲಾನಿ ಬಾರ್ಜರ್ ಎಂಬವನನ್ನು ಇಟ್ಟುಕೊಂಡಿದ್ದ.

"ಬಾನೆಟ್ ಎತ್ತಿ, ನೋಡೋಣ" ಎಂದಳು ಗ್ಲೆನ್ ಪಕ್ಕದಲ್ಲಿದ್ದ ವಿಲ್ಮಾ ಟ್ರಾಸ್ಕ್.

ವಿಲ್ಮಾಗೆ ಎಪ್ಪತ್ತಾರು. ಮೂವತ್ತು ವರ್ಷ ಕೆಳಗಿನ ಊರಿನ ಅಂಚೆ ಕಚೇರಿಯಲ್ಲಿದ್ದು ಈಗ ಕಣಿವೆಯ ಕೊನೆಯ ಮರದ ಮನೆಯಲ್ಲಿ ಇದ್ದಳು. ಯಾರ ಕೊಡಲಿ ಕಳೆದರೂ, ಯಾರ ದೋಣಿ ಕಾಣೆಯಾದರೂ ಜನ ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲು. ಹನ್ನೆರಡು ವರ್ಷದಿಂದ ಜೊತೆಯಲ್ಲಿ ಓಡಾಡಿದರೂ ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ಗ್ಲೆನ್‌ಗೆ ಒಮ್ಮೆಯೂ ಮೊದಲೇ ಗೊತ್ತಾಗಿರಲಿಲ್ಲ. ಅದಕ್ಕೆ ಅವನಿಗೆ ಒಳಗೊಳಗೇ ಸಿಟ್ಟೂ ಇತ್ತು.

ಕ್ರೇಗ್ ಸ್ಟಿಯರಿಂಗ್ ಕೆಳಗೆ ಕೈಹಾಕಿ ತಡಕಿ ಏನನ್ನೋ ಎಳೆದ. ಹಿಂದೆ ಪೆಟ್ರೋಲು ಟ್ಯಾಂಕಿನ ಮುಚ್ಚಳ ತೆರೆದುಕೊಂಡಿತು. ನೆರೆದವರಲ್ಲಿ ಯಾರೋ ನಕ್ಕರು. ಲಾನಿ ಆ ಕಡೆಯ ಬಾಗಿಲು ತೆಗೆದು, ಪಕ್ಕದ ಸೀಟಿನ ಕಾಲಬುಡದಲ್ಲಿದ್ದ ಹಿಡಿಯನ್ನು ಎಳೆದ. ಬಾನೆಟ್ ಮೇಲೆದ್ದಿತು. ಒಳಗೆ ಪೈಪು ಕಡಿದು ಎರಡಾಗಿತ್ತು, ಸುತ್ತ ಮಾರ್ಮಟ್ಟಿನ ಹಿಕ್ಕೆ ಬಿದ್ದಿತ್ತು.

"ನಾನು ಹೊರಡೋ ಮುಂಚೆ ಫೋಟೋ ತೆಗೆದಿದ್ದೆ" ಎಂದ ಕ್ರೇಗ್, ಫೋನು ಚಾಚಿ. "ನೋಡಿ, ಈ ಲಾನಿ ಮೂಲೆಗಳನ್ನ ಗಂಟುಮೂಟೆ ಹಾಗೆ ಮುದುರಿ ಕಟ್ಟಿದ್ದ. ಇವತ್ತು ಬಂದು ನೋಡಿದ್ರೆ ಮೂಲೆಗಳನ್ನ ಚಪ್ಪಟೆಯಾಗಿ, ನೀಟಾಗಿ ಮಡಚಿದೆ. ನಾನು ಎರಡು ದಿನ ಸರೋವರದ ಹತ್ರ ಇದ್ದಾಗ ಯಾರೋ ಇದನ್ನ ಬಿಚ್ಚಿದ್ದಾರೆ. ಬಿಚ್ಚಿ ತೆರೆದಿಟ್ಟಾಗ ಮಾರ್ಮಟ್ ನುಗ್ಗಿದೆ. ಇಲ್ಲಿ ಗಾಡಿ ಕಟ್ಟೋನು ಇವನೊಬ್ಬ. ಇವನು ಹಿಂದೆ ಗಾಡಿಗಳಿಂದ ಸಾಮಾನು ಕದ್ದು ಜೈಲಿಗೆ ಹೋಗಿದ್ದೋನಂತೆ, ಹೌದು ತಾನೆ?"

"ಹೌದು" ಎಂದ ಲಾನಿ. "ಆರು ವರ್ಷದ ಹಿಂದೆ."

"ಅಷ್ಟೇ ಸಾಕು. ಇವನನ್ನ ಇಲ್ಲಿಂದ ಕಳಿಸಿ."

ಲಾನಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಗ್ಲೆನ್ ಬಿಡಾರದ ಮಾಲೀಕರಿಗೆ ಒಪ್ಪಿ ಸಹಿ ಹಾಕಿದ್ದ ಷರತ್ತು ಒಂದೇ: ಯಾರಾದರೂ ಅವನ ಮೇಲೆ ದೂರು ಕೊಟ್ಟರೆ, ಅದು ಸುಳ್ಳೆಂದು ತೋರಿಸದ ಹೊರತು, ಅದೇ ದಿನ ಮಧ್ಯಾಹ್ನದ ಸಾಮಾನು ಲಾರಿಯಲ್ಲಿ ಕೆಳಗೆ ಕಳಿಸಬೇಕು. ಈ ಭಾನುವಾರ ಲಾನಿಯ ಮಗಳು ಟೆಸ್ ಬರುವವಳಿದ್ದಳು. ಆರು ವರ್ಷದ ಮೇಲೆ ಮೊದಲ ಸಲ ಅಪ್ಪನನ್ನು ನೋಡಲು ಒಪ್ಪಿದ್ದಳು. ಬೇಕರಿಯಲ್ಲಿ ಅವಳಿಗೆ ಇಷ್ಟವೆಂದು ಆ್ಯಪಲ್ ಕಡುಬು ಹೇಳಿಟ್ಟಿರುವುದನ್ನು ಲಾನಿ ನಾಲ್ಕು ಸಲ ಹೇಳಿದ್ದ.

"ಮಧ್ಯಾಹ್ನದವರೆಗೆ ಟೈಮ್ ಇದೆ" ಎಂದ ಗ್ಲೆನ್, ಯಾರ ಮುಖವನ್ನೂ ನೋಡದೆ.

ವಿಲ್ಮಾ ಟಾರ್ಪಾಲನ್ನು ಹುಲ್ಲಿನ ಮೇಲೆ ಪೂರ್ತಿ ಹಾಸಿಸಿದಳು. ಮಂಡಿಯೂರಿ ಮುಂದಿನ ಮೂಲೆಗಳನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು. ಆಮೇಲೆ ಲಾನಿಯನ್ನು ಕೇಳಿದಳು: "ಕಟ್ಟೋ ಮುಂಚೆ ನೀನು ಯಾವಾಗಲೂ ಏನು ಮಾಡ್ತೀಯ?"

"ಬಾನೆಟ್ ಎತ್ತಿ ನೋಡ್ತೀನಿ, ಮೂರು ಸಲ ಬಡೀತೀನಿ. ಬಿಸಿ ಇಂಜಿನ್ ಅಂದ್ರೆ ಅವಕ್ಕೆ ಮನೆ ಇದ್ದ ಹಾಗೆ. ಅವತ್ತು ಇವರು ಊಟ ಮಾಡ್ತಾ ಗಾಡಿನ ಒಂದು ಗಂಟೆ ಹಾಗೇ ಬಿಟ್ಟಿದ್ರು. ನಾನು ನೋಡೋಕೆ ಹೋದ್ರೆ, ನಾನೇ ಎತ್ತಿ ನೋಡಿದ್ದೀನಿ, ಬೇಗ ಕಟ್ಟು ಅಂದ್ರು."

"ನೋಡಿದ್ದೆ" ಎಂದ ಕ್ರೇಗ್.

"ಸರಿ" ಎಂದಳು ವಿಲ್ಮಾ. "ಗ್ಲೆನ್, ಕ್ರೇಗ್ ಅವರ ತಾಯಿಗೆ ಕಾಫಿ ಕೊಟ್ಟು ಬರೋಣ ಬಾ. ಪಾಪ, ಒಬ್ಬರೇ ಇದ್ದಾರೆ."

ಕ್ರೇಗ್‌ನ ತಾಯಿ ಅಡೆಲ್‌ಗೆ ಎಂಬತ್ತೊಂದು. ಮಗ ಚಾರಣಕ್ಕೆ ಹೋದ ಎರಡು ದಿನವೂ ಆಕೆ ಗ್ಲೆನ್ ಬಾಡಿಗೆಗೆ ಕೊಡುವ ಸಣ್ಣ ಕೋಣೆಯಲ್ಲಿದ್ದಳು. ಕೋಣೆಯ ಕಿಟಕಿಯಿಂದ ವ್ಯಾನು ಕಾಣುತ್ತಿತ್ತು. ಹಾಸಿಗೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ, ಕಾಲಕಡೆ ಕಂಬಳಿಯ ಎರಡು ಮೂಲೆಗಳನ್ನೂ ತ್ರಿಕೋನವಾಗಿ ಮಡಚಿ ಒಳಗೆ ಸಿಕ್ಕಿಸಿತ್ತು. ಆಕೆ ಕಾಫಿ ಹೀರುತ್ತಾ ಕೇಳಿದಳು: "ವ್ಯಾನಿಗೆ ಏನೋ ಆಗಿದೆಯಂತೆ. ಕ್ರೇಗ್‌ಗೆ ಸಿಟ್ಟು ಬಂದಿದೆಯಾ?"

"ಸ್ವಲ್ಪ" ಎಂದ ಗ್ಲೆನ್.

"ಬರುತ್ತೆ. ಈ ವಸಂತದಲ್ಲಿ ನಾನು ಒಲೆ ಆರಿಸೋದು ಮರೆತೆ. ಅವತ್ತಿಂದ ವೃದ್ಧಾಶ್ರಮದ ಮಾತೇ ಮಾತು. ಇನ್ನೊಂದು ಸಲ ಏನಾದ್ರೂ ಆದ್ರೆ ಅಲ್ಲಿಗೇ ಅಂದಿದಾನೆ." ಆಕೆ ಲೋಟ ಕೆಳಗಿಟ್ಟು ಕಿಟಕಿಯ ಕಡೆ ನೋಡಿದಳು.

ಹೊರಗೆ ಬಂದ ಮೇಲೆ ಅವನು, "ವಿಲ್ಮಾ, ಹತ್ತೂವರೆ ಆಯ್ತು. ಏನಾದ್ರೂ ಹೊಳೀತಾ?" ಎಂದ.

"ಎರಡು ಹೊಳೀತು. ಹೇಳೋಕೆ ಒಂದೇ ಸಾಕು ಅನ್ಸುತ್ತೆ. ಹನ್ನೆರಡಕ್ಕೆ ಎಲ್ಲರನ್ನೂ ವ್ಯಾನಿನ ಹತ್ರ ಕರಿ. ಆಕೆಗೂ ಒಂದು ಕುರ್ಚಿ ಹಾಕು."

"ಯಾವತ್ತಾದ್ರೂ ಒಂದಿನ ನೀವು ಮೊದಲೇ ಹೇಳಿಬಿಟ್ರೆ ಈ ಬೆಟ್ಟ ಕುಸಿದುಹೋಗುತ್ತಾ?" ಎಂದು ಗೊಣಗಿಕೊಂಡೇ ಗ್ಲೆನ್ ಕುರ್ಚಿ ತರಲು ಹೋದ.

ಹನ್ನೆರಡಕ್ಕೆ ಲಾರಿ ಬಂದು ನಿಂತಿತು. ಲಾನಿ ತನ್ನ ಚೀಲ ಕಟ್ಟಿಕೊಂಡೇ ಬಂದಿದ್ದ. ವಿಲ್ಮಾ ಟಾರ್ಪಾಲಿನ ಪಕ್ಕ ನಿಂತಳು.

"ಯಾರು ಬಿಚ್ಚಿದ್ರು ಅಂತ ನೀವೆಲ್ಲ ಕೇಳ್ತಿದ್ದೀರಿ. ನಾನು ಪೈಪು ಕಡಿದಿದ್ದು ಯಾವಾಗ ಅಂತ ಕೇಳಿಕೊಂಡೆ. ಈ ಮೂಲೆ ನೋಡಿ. ಹಸಿರು ನೀರು ಇಲ್ಲಿ ಕೋಳಿಕಾಲಿನ ಹಾಗೆ ಸಣ್ಣ ಸಣ್ಣ ಗೆರೆಗಳಲ್ಲಿ ಒಣಗಿದೆ. ಇವು ಲಾನಿ ಮುದುರಿ ಕಟ್ಟಿದ್ದಾಗ ಬಿದ್ದ ಸುಕ್ಕುಗಳು. ಆಮೇಲೆ ಮಡಚಿದ ಚಪ್ಪಟೆ ಮಡಿಕೆ ಇಲ್ಲಿದೆ. ಇದರಲ್ಲಿ ಒಂದು ಹನಿಯೂ ಇಲ್ಲ. ಅಂದ್ರೆ ಯಾರೂ ಬಿಚ್ಚೋದಕ್ಕೆ ಮೊದಲೇ, ಲಾನಿ ಕಟ್ಟಿದ್ದ ಟಾರ್ಪಾಲು ಹಾಗೇ ಇದ್ದಾಗಲೇ, ನೀರೆಲ್ಲ ಸೋರಿ ಮುಗಿದಿತ್ತು."

"ಟಾರ್ಪಾಲು ಹಾಗೇ ಇದ್ರೆ ಮಾರ್ಮಟ್ ಎಲ್ಲಿಂದ ಬಂತು?" ಎಂದ ಕ್ರೇಗ್.

"ಬರಲಿಲ್ಲ. ಕಟ್ಟೋವಾಗಲೇ ಒಳಗಿತ್ತು. ಬಿಸಿ ಇಂಜಿನ್ ಮೇಲೆ ಮಲಗಿದ್ದದ್ದನ್ನ ನೀವು ಒಳಗೇ ಹಾಕಿ ಕಟ್ಟಿಸಿದ್ರಿ."

"ನಾನು ಬಾನೆಟ್ ಎತ್ತಿ ನೋಡಿದ್ದೆ ಅಂದ್ನಲ್ಲ."

"ಬೆಳಿಗ್ಗೆ ಎತ್ತಿ ಅಂದಾಗ ನೀವು ಪೆಟ್ರೋಲಿನ ಮುಚ್ಚಳ ತೆಗೆದ್ರಿ" ಎಂದಳು ವಿಲ್ಮಾ, ಮೆಲ್ಲಗೆ. "ಈ ವ್ಯಾನಿನ ಬಾನೆಟ್ ಹಿಡಿ ಎಲ್ಲಿದೆ ಅಂತ ಇವತ್ತಿಗೂ ನಿಮಗೆ ಗೊತ್ತಿರಲಿಲ್ಲ."

ಕ್ರೇಗ್‌ನ ಮುಖ ಕಿವಿಯವರೆಗೂ ಕೆಂಪಾಯಿತು. "ಆಮೇಲೆ ಅದನ್ನ ಬಿಚ್ಚಿದ್ಯಾರು ಹಾಗಾದ್ರೆ?" ಎಂದ. ಆದರೆ ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

"ಒಳಗೆ ಸಿಕ್ಕಿಬಿದ್ದ ಜೀವಕ್ಕೆ ಮರುಗಿದೋರು. ಅವರ ಹೆಸರು ನಾನು ಹೇಳಬೇಕಾಗಿಲ್ಲ. ಲಾನಿಯ ತಪ್ಪಿಲ್ಲ ಅಂತ ತೋರಿಸೋಕೆ ಇಷ್ಟು ಸಾಕು."

ಗ್ಲೆನ್‌ಗೆ ಆಗ ಆ ಹಾಸಿಗೆಯ ತ್ರಿಕೋನ ಮೂಲೆಗಳು ಕಣ್ಣಿಗೆ ಕಟ್ಟಿದವು. ಅಷ್ಟರಲ್ಲಿ ಅಡೆಲ್ ಕುರ್ಚಿಯ ಕೈಹಿಡಿದು ಎದ್ದು ನಿಂತಿದ್ದಳು. ಆಕೆ ನೋಡುತ್ತಿದ್ದುದು ಲಾನಿಯ ಚೀಲವನ್ನು.

"ಈ ಹುಡುಗನ್ನ ಕಳಿಸ್ತಿದ್ದಾರೆ ಅಂತ ನನಗೆ ಯಾರೂ ಹೇಳಲೇ ಇಲ್ಲ" ಎಂದಳು. ಲಾನಿಗೆ ಐವತ್ತು ದಾಟಿತ್ತು. "ಬಿಚ್ಚಿದ್ದು ನಾನಪ್ಪ. ಕ್ರೇಗ್ ಹೋದ ಮಾರನೇ ಸಂಜೆ ಒಳಗಿಂದ ಶಿಳ್ಳೆ ಹೊಡೆದ ಹಾಗೆ ಅಳ್ತಿತ್ತು. ಈ ಹುಡುಗ ಸೌದೆಗೆ ಹೋಗಿದ್ದ. ಬಿಚ್ಚಿದ ಕೂಡಲೇ ಓಡಿಹೋಯ್ತು. ಮತ್ತೆ ನನಗೆ ಬಂದ ಹಾಗೆ ಮಡಚಿದೆ. ಇವತ್ತು ಪೈಪು ಹೋಗಿದೆ ಅಂದಾಗ ನಾನು ತೆರೆದಿದ್ದಕ್ಕೇ ಹೋಯ್ತು ಅಂದ್ಕೊಂಡೆ. ಹೆದರಿ ಸುಮ್ಮನಿದ್ದೆ."

"ಅಮ್ಮ, ನಲವತ್ತಡಿ ಟಾರ್ಪಾಲನ್ನ ನೀನೊಬ್ಬಳೇ ಮಡಚಿದೆಯಾ?"

"ನಲವತ್ತೊಂದು ವರ್ಷ ನರ್ಸ್ ಆಗಿದ್ದೆ ಕಣೋ. ಮಲಗಿರೋ ರೋಗೀನ ಎಬ್ಬಿಸದೆ ಕೆಳಗಿನ ಚಾದರ ಬದಲಾಯಿಸ್ತಿದ್ದೆ. ವ್ಯಾನು ಮಲಗಿದ ಕಡೆ ಸುಮ್ಮನೆ ಮಲಗಿರುತ್ತೆ, ನರಳೋದೂ ಇಲ್ಲ."

ಗ್ಲೆನ್ ನಗು ಮರೆಸಲು ಮುಖ ಆ ಕಡೆ ತಿರುಗಿಸಿಕೊಂಡ. ಕ್ರೇಗ್ ತಾಯಿಯ ಮುಂದೆ ಮಂಡಿಯೂರಿ, ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡ. "ನೋಡಿದೆ ಅಂತ ಸುಳ್ಳು ಹೇಳಿದ್ದು ನಾನು. ನೀನು ಹೆದರಿಕೊಂಡು ಕೂತಿದ್ದೆ" ಎಂದ. ವೃದ್ಧಾಶ್ರಮದ ಮಾತನ್ನು ಅವನು ಎತ್ತಲಿಲ್ಲ. ಎದ್ದು ಲಾನಿಯ ಬಳಿ ಹೋಗಿ ಕೈ ಮುಂದೆ ಚಾಚಿದ. "ನನ್ನಿಂದ ತಪ್ಪಾಯ್ತು."

ಲಾನಿ ಚೀಲ ಕೆಳಗಿಟ್ಟು ಆ ಕೈ ಹಿಡಿದ. "ಹೊಸ ಪೈಪು ನನ್ನ ಹತ್ರ ಇದೆ. ಒಂದು ಗಂಟೆ ಕೊಡಿ, ಹಾಕಿಕೊಡ್ತೀನಿ."

ಲಾರಿ ಖಾಲಿಯಾಗಿಯೇ ಕೆಳಗಿಳಿಯಿತು. ವಿಲ್ಮಾ ಮನೆಯ ಕಡೆ ಹೊರಟಾಗ ಗ್ಲೆನ್ ಅವಳ ಜೊತೆ ನಡೆದ. "ಆಕೆಯ ಹಾಸಿಗೆ ನನಗೂ ಕಂಡಿತ್ತು" ಎಂದ. "ಕಂಡಿತ್ತು, ಆದ್ರೆ ನೋಡಿರಲಿಲ್ಲ. ಕ್ರೇಗ್ ಬಾನೆಟ್ ನೋಡಿದ ಹಾಗೇ" ಎಂದು ವಿಲ್ಮಾ ನಕ್ಕಳು. ಗ್ಲೆನ್‌ಗೆ ಈ ಸಲ ಸಿಟ್ಟು ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಒಂದು ಹಳೆಯ ಕೆಂಪು ಕಾರು ಬಿಡಾರಕ್ಕೆ ಬಂದಿತು. ಇಳಿದವಳ ಮೂಗು ಲಾನಿಯದೇ. ಅಪ್ಪ ಮಗಳು ಎದುರುಬದುರು ನಿಂತರು. ಕೊನೆಗೆ ಲಾನಿ, "ಗಾಡಿ ಬಾನೆಟ್ ಎತ್ತು, ನೋಡ್ಬೇಕು" ಎಂದ. ಟೆಸ್ ಎತ್ತಿದಳು. ಅವನು ಬಗ್ಗಿ ಒಳಗೆಲ್ಲ ನೋಡಿ, ಬಾನೆಟ್ ಮುಚ್ಚಿ, ಮೂರು ಸಲ ಬಡಿದ. ಆಮೇಲೆ ಟಾರ್ಪಾಲಿನ ಮೂಲೆಯನ್ನು ತ್ರಿಕೋನವಾಗಿ ಮಡಚಿ ಒಳಗೆ ಸಿಕ್ಕಿಸಿದ.

"ಎಲ್ಲಿ ಕಲಿತೆ ಇದನ್ನ?" ಎಂದಳು ಮಗಳು.

"ಒಬ್ಬರು ನರ್ಸಮ್ಮ ಕಲಿಸಿದ್ರು. ಆ ಕೊನೆ ಹಿಡ್ಕೋ, ನಿನಗೂ ತೋರಿಸ್ತೀನಿ."

ಟೆಸ್ ಬಗ್ಗಿ ಆ ಕೊನೆ ಹಿಡಿದುಕೊಂಡಳು.