ಕರೆಂಟಿಲ್ಲದ ಕಂಬ

ಕೇಬಲ್ ಆಂಬ್ರೋಸ್ ಸತ್ತು ಬಿದ್ದಿದ್ದ.

ವರ್ಕಾಡಿಯ ಗೌರೀಶಂಕರ ಮಾಸ್ಟ್ರ ಗೇಟಿನ ಹೊರಗೆ, ಒಂದು ಕಾಲದಲ್ಲಿ ತಾನೇ ಗುಂಡಿ ತೋಡಿ ನೆಟ್ಟ ಕಬ್ಬಿಣದ ಕಂಬದ ಬುಡದಲ್ಲಿ. ಕೆಂಪುಕಲ್ಲಿನ ಕಟ್ಟೆಗೆ ಬಡಿದು ತಲೆ ಒಡೆದಿತ್ತು. ಏಣಿ ಒಂದು ಕಡೆ, ಕೇಬಲಿನ ಸುರುಳಿ ಇನ್ನೊಂದು ಕಡೆ. ಹೆಣದ ಪಕ್ಕದಲ್ಲೇ ಕಟ್ಟಿಂಗ್ ಪ್ಲೇಯರ್. ಮೇಲೆ ಕಂಬದಿಂದ ಮಾಸ್ಟ್ರ ಮನೆಗೆ ಹೋಗುವ ಕಪ್ಪು ವಯರು ಜೋತು ಬಿದ್ದಿತ್ತು. ಅದು ಆಂಬ್ರೋಸನದ್ದಲ್ಲ — ಅವನ ಎದುರಾಳಿಯ ಫೈಬರ್. ಅದರ ಹೊದಿಕೆ ಒಂದು ಕಡೆ ಕಿತ್ತುಹೋಗಿ, ಒಳಗಿನ ಗಾಜಿನೆಳೆ ತುಂಡಾಗಿತ್ತು.

ಊರಿಗೆ ಇಷ್ಟು ಸಾಕಾಯಿತು. ಪೊಲೀಸ್ ಜೀಪು ಬರುವ ಮೊದಲೇ ತೀರ್ಪು ಕೊಟ್ಟಾಗಿತ್ತು. ಫೈಬರ್ ಕತ್ತರಿಸಲು ಹತ್ತಿದ, ಬಿದ್ದ, ಸತ್ತ!

"ಮೊದಲು ನೋಡಿದ್ದು ಯಾರು?" ಎಸ್.ಐ. ರಂಜನಿ ಕೇಳಿದರು.

"ನಾನು ಮೇಡಂ." ಜಂಕ್ಷನ್ನಿನಲ್ಲಿ ಡಿಶ್ ಅಂಗಡಿ ಇಟ್ಟಿರುವ ಸವಿಯೊ ಮುಂದೆ ಬಂದ. ಮುಖ ಬಿಳಿಚಿಕೊಂಡಿತ್ತು. "ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರ್ತಾ ಇದ್ದೆ. ನೋಡುವಾಗ… ಜೀವ ಇರಲಿಲ್ಲ."

"ನಿಮಗೂ ಅವರಿಗೂ ಹೇಗಿತ್ತು?"

"ಎಂತ ಹೇಳುವುದು? ಕೆಲಸ ಕಲಿತದ್ದು ಅವರ ಹತ್ತಿರವೇ. ನಾನು ಡಿಶ್ ಹಿಡಿದ ಮೇಲೆ ಅವರು ಮಾತು ಬಿಟ್ಟರು."

ಅಷ್ಟರಲ್ಲಿ ಬೈಕು ನಿಲ್ಲಿಸಿ ಒಬ್ಬ ಯುವಕ ಓಡಿ ಬಂದ. ಶಶಾಂಕ — ಫೈಬರಿನವನು. ಹೆಣವನ್ನು ಒಮ್ಮೆ, ವಯರನ್ನು ಎರಡು ಸಲ ನೋಡಿದ.

"ನೋಡಿದಿರಾ ಮೇಡಂ? ನಾನು ಎಷ್ಟು ಸಲ ಹೇಳಿದ್ದೆ, ಕತ್ತರಿಸುವುದು ಈ ಜನವೇ ಅಂತ! ಕೇಳಿದವರಿಲ್ಲ."

ಸಿವಿಲ್ ಪೊಲೀಸ್ ಆಫೀಸರ್ ಜೋಯ್‌ಸ್ಟನ್‌ಗೆ ಮೈ ಉರಿಯಿತು. ಸತ್ತವನ ಕಣ್ಣು ಇನ್ನೂ ಮುಚ್ಚಿರಲಿಲ್ಲ, ಇವನಿಗೆ ವಯರಿನ ಚಿಂತೆ! ಜೋಯ್‌ಸ್ಟನ್ ಇದೇ ಊರಿನವನು. ಅವನು ಸಣ್ಣವನಿರುವಾಗ ಊರಲ್ಲಿ ಟಿ.ವಿ. ಎಂದರೆ ಆಂಬ್ರೋಸ್, ಆಂಬ್ರೋಸ್ ಎಂದರೆ ಟಿ.ವಿ. ಗಾಳಿಗೆ ಕೇಬಲ್ ಹಾರಿದರೆ ಸೈಕಲ್ಲಿನಲ್ಲಿ ಏಣಿ ಕಟ್ಟಿಕೊಂಡು ಬರುತ್ತಿದ್ದ. ಎಚ್.ಡಿ. ಎಂಬ ಎರಡಕ್ಷರ ಬಂದದ್ದೇ ತಡ, ಊರಿನ ಕಣ್ಣಿಗೆ ಪೊರೆ ಬಂದ ಹಾಗಾಯಿತು. ಆಂಬ್ರೋಸನ ಕೇಬಲಿನ ಚಿತ್ರ ಎಲ್ಲರಿಗೂ ಮಸುಕಾಗಿ ಕಾಣತೊಡಗಿತು. ಮೊದಲು ಮನೆಮನೆಯ ಮಾಡಿನ ಮೇಲೆ ಡಿಶ್ ಬಂತು. ಮಳೆಗಾಲದಲ್ಲಿ ಡಿಶ್ ಕೈಕೊಟ್ಟಿತು, ಫೈಬರ್ ಬಂತು. ಅದೂ ಆಂಬ್ರೋಸನ ಕಂಬಗಳ ಮೇಲೆಯೇ, ಅವನನ್ನು ಒಂದು ಮಾತು ಕೇಳದೆ!

"ಶಾಕ್ ಹೊಡೆದಿರಬಹುದಾ?" ರಂಜನಿ ಕಂಬ ನೋಡುತ್ತ ಕೇಳಿದರು.

"ಎಂತ ಶಾಕ್ ಮೇಡಂ?" ಶಶಾಂಕ ನಕ್ಕೇಬಿಟ್ಟ. "ಈ ಕಂಬದಲ್ಲಿ ಕರೆಂಟಿನ ಲೈನೇ ಇಲ್ಲ. ಇದು ಬರೇ ಟಿ.ವಿ. ಕಂಬ. ಮತ್ತೆ ನಮ್ಮದು ಫೈಬರ್ — ಗಾಜು. ಗಾಜಿನಲ್ಲಿ ಕರೆಂಟು ಹೋಗ್ತದಾ? ಸಿಡಿಲಿಗೂ ಹೆದರಬೇಡಿ ಅಂತ ಮನೆಮನೆಗೆ ಹೇಳಿಯೇ ನಾನು ಕನೆಕ್ಷನ್ ಕೊಡುವುದು."

ಆದರೆ ಮಧ್ಯಾಹ್ನ ಆಸ್ಪತ್ರೆಯಿಂದ ಡಾಕ್ಟರರ ಮಾತು ಬಂತು. ಸಾವು ತಲೆಯ ಪೆಟ್ಟಿನಿಂದಲೇ. ಆದರೆ ಎಡ ಅಂಗೈಯಲ್ಲಿ ಒಂದು ಸಣ್ಣ ಸುಟ್ಟ ಗೆರೆ ಉಂಟು. ಕರೆಂಟಿನದ್ದು.

"ಕರೆಂಟಿಲ್ಲದ ಕಂಬದಲ್ಲಿ ಕರೆಂಟಿನ ಗಾಯ!" ಜೋಯ್‌ಸ್ಟನ್ ತಲೆ ಕೆರೆದುಕೊಂಡ. "ಇದು ಹೇಗೆ ಮೇಡಂ?"

"ಅದೇ ಪ್ರಶ್ನೆ," ಎಂದರು ರಂಜನಿ. "ಮೊದಲು ಅವರ ಮನೆಗೆ ಹೋಗುವ."

ಸಾವಿನ ಮನೆಯ ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಹಾಕಿದ್ದರು. ಒಂದರಲ್ಲೂ ಜನ ಇಲ್ಲ! ಇಡೀ ಊರಿನ ಮದುವೆ, ತೊಟ್ಟಿಲು, ಮರಣಗಳನ್ನೆಲ್ಲ ತನ್ನ ಲೋಕಲ್ ಚಾನೆಲ್ಲಿನಲ್ಲಿ ತೋರಿಸಿದವನ ಮನೆಗೆ ಹೆಜ್ಜೆ ಇಡಲು ಜನರಿಗೆ ನಾಚಿಕೆ.

ಆಂಬ್ರೋಸನ ಹೆಂಡತಿ ಶಾಲೆಟ್ ಅಳುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು: "ಜೋಯ್‌ಸ್ಟನ್, ಅವರು ಕತ್ತರಿಸಿದ್ದು ಅಂತ ನೀನೂ ನಂಬ್ತೀಯಾ?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಿಜ ಹೇಳಬೇಕೆಂದರೆ ಅರ್ಧ ನಂಬಿದ್ದ. ಹೊಟ್ಟೆಪಾಡಿಗೆ ಪೆಟ್ಟು ಬಿದ್ದವನು ಎಂತದ್ದೂ ಮಾಡಿಯಾನು ಎಂದು ಅವನಿಗೂ ಅನಿಸಿತ್ತು.

"ಆಂಟಿ, ಅಷ್ಟು ಬೆಳಿಗ್ಗೆ ಅವರು ಅಲ್ಲಿಗೆ ಹೋದದ್ದು ಯಾಕೆ?"

"ಹಿಂದಿನ ದಿನ ಹಾಲಿನ ಸೊಸೈಟಿಯಲ್ಲಿ ಯಾರೋ ಸಿಕ್ಕಿದ್ದರಂತೆ. 'ಬಿಟ್ಟುಹೋದ ಒಂದು ಕನೆಕ್ಷನ್ ವಾಪಸು ಬಂತು ಶಾಲೆಟ್' ಅಂತ ಖುಷಿಯಲ್ಲಿ ಬಂದರು. ಯಾರದ್ದು ಅಂತ ಹೇಳಲಿಲ್ಲ. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದರು." ಅವಳು ರಂಜನಿಯ ಕಡೆ ತಿರುಗಿದಳು. "ಮೇಡಂ, ನಾಳೆ ಮಣ್ಣು ಕೊಡಬೇಕು. ಯಾರನ್ನು ಹಿಡಿಯುತ್ತೀರೋ ಬಿಡುತ್ತೀರೋ, ಅದು ನನಗೆ ಬೇಡ. ಕಳ್ಳ ಅನ್ನುವ ಹೆಸರನ್ನು ಮಾತ್ರ ಅವರ ಜೊತೆಗೆ ಪೆಟ್ಟಿಗೆಯಲ್ಲಿ ಇಡಬೇಡಿ."

ರಂಜನಿ ಅವಳ ಕೈ ಹಿಡಿದುಕೊಂಡರು.

ಗೌರೀಶಂಕರ ಮಾಸ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಚಾವಡಿಯ ಗೋಡೆಯಲ್ಲಿ ಬಾಗಿಲಿನಷ್ಟು ದೊಡ್ಡ ಟಿ.ವಿ. ಇತ್ತು.

"ನಾನು ಮಲಗಿದ್ದೆ. ಎಂತದ್ದೂ ಕೇಳಲಿಲ್ಲ," ಎಂದರು ಮಾಸ್ಟ್ರು. "ಪಾಪ, ಸಾಯಬಾರದಿತ್ತು. ಆದರೆ ಕದ್ದು ಕತ್ತರಿಸಲು ಬರುವವನು ಕ್ಷೇಮ ನೋಡಿಕೊಂಡು ಬರ್ತಾನಾ?"

"ಈ ಮನೆಯಲ್ಲಿ ಆಂಬ್ರೋಸರ ಕೇಬಲ್ ಇತ್ತಲ್ಲ?"

"ಇತ್ತು. ತೆಗೆಸಿದೆ. ಆಮೇಲೆ ಸವಿಯೊನ ಡಿಶ್. ಈಗ ಫೈಬರ್. ಯಕ್ಷಗಾನದ ವೇಷದ ಕಿರೀಟದಲ್ಲಿ ಒಂದೊಂದು ಮಣಿಯೂ ಕಾಣ್ತದೆ ಮಾರ್ರೆ! ಆದರೆ ಎಂತ ಪ್ರಯೋಜನ? ಒಳ್ಳೆಯ ಪ್ರಸಂಗ ಇರುವಾಗಲೇ ವಯರು ತುಂಡು. ಯಾರ ಕೆಲಸ ಅಂತ ಶಶಾಂಕ ಹೇಳಿಯೇ ಇದ್ದ."

"ಅಮ್ಮಾ, ನೀವು?"

ಬಾಗಿಲ ಸಂದಿಯಲ್ಲಿ ನಿಂತಿದ್ದ ಹೆಂಡತಿ ಸೌದಾಮಿನಿ ಬೆಚ್ಚಿದರು. "ನಾನು ಅಡುಗೆಮನೆಯಲ್ಲಿ ಇದ್ದೆ. ಚಟ್ನಿ ಅರ್ಧ ಆಗುವಾಗ ಕರೆಂಟು ಹೋಯಿತು, ಮಿಕ್ಸಿ ನಿಂತಿತು. ಆಗಲೇ ಹೊರಗೆ ದಡ್ ಅಂತ ಕೇಳಿಸಿತು. ತೆಂಗಿನಕಾಯಿ ಬಿತ್ತು ಅಂತ ಎಣಿಸಿದೆ."

"ಕರೆಂಟು ಮತ್ತೆ ಬಂತಾ?"

"ಹೌದು. ಬೇಗ ಬಂತು."

ಜೋಯ್‌ಸ್ಟನ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ಕರೆಂಟು ಹೋಗುವುದೂ ಒಂದು ಸುದ್ದಿಯಾ?

ಒಳಕೋಣೆಯಿಂದ ಮುದಿ ಸ್ವರವೊಂದು ಬಂತು. "ಯಾರದು? ಆಂಬ್ರೋಸನಾ? ಬಂದನಾ?"

"ನನ್ನ ಅಮ್ಮ," ಎಂದರು ಮಾಸ್ಟ್ರು. "ಹಾಸಿಗೆ ಹಿಡಿದಿದ್ದಾರೆ. ಮರೆವು. ಹಳೆಯದನ್ನೇ ಹೇಳ್ತಾರೆ."

ಸೌದಾಮಿನಿ ಸರಸರನೆ ಒಳಗೆ ಹೋದರು. ಅವರು ಹೋದ ದಾರಿಯನ್ನೇ ರಂಜನಿ ನೋಡಿದರು. ಆಮೇಲೆ ಹೊರಗೆ ಬಂದು, ಗೋಡೆಯ ಕೊಕ್ಕೆಗೆ ಕಟ್ಟಿದ್ದ ಫೈಬರಿನ ತುದಿಯ ಹತ್ತಿರ ಮುಖ ಕೊಂಡುಹೋಗಿ ಬಹಳ ಹೊತ್ತು ನಿಂತರು.

"ಜೋಯ್‌ಸ್ಟನ್, ಏಣಿ ಇಡಿ. ಕಂಬದ ಮೇಲಿನದ್ದನ್ನೂ ನೋಡುವ. ಆಮೇಲೆ ಶಶಾಂಕನ ಅಂಗಡಿ. ತೆಗೆದು ಬಿಸಾಡಿದ ಹಳೆ ವಯರಿನ ತುಂಡುಗಳು ಅಲ್ಲಿ ಇರಬೇಕು."

ಸಂಜೆ ಮಾಸ್ಟ್ರ ಚಾವಡಿಯಲ್ಲಿ ಎಲ್ಲರೂ ಸೇರಿದ್ದರು. ಮಾಸ್ಟ್ರು, ಸೌದಾಮಿನಿ, ಶಶಾಂಕ, ಸವಿಯೊ. ಜೋಯ್‌ಸ್ಟನ್ ಜೀಪಿನಲ್ಲಿ ಶಾಲೆಟ್‌ಳನ್ನೂ ಕರೆತಂದಿದ್ದ. ಅವಳು ಕುಳಿತುಕೊಳ್ಳಲಿಲ್ಲ.

ರಂಜನಿ ಕಂಬದಿಂದ ಬಿಚ್ಚಿ ತಂದ ಫೈಬರ್ ವಯರನ್ನು ಮೇಜಿನ ಮೇಲೆ ಇಟ್ಟರು.

"ಶಶಾಂಕ, ಇದರೊಳಗೆ ಎಂತೆಲ್ಲ ಉಂಟು?"

"ಗಾಜಿನೆಳೆ ಮೇಡಂ."

"ಮತ್ತೆ?"

"ಮತ್ತೆ… ಎಳೆತ ತಡೆಯಲಿಕ್ಕೆ ಒಂದು ಸ್ಟೀಲ್ ಸರಿಗೆ."

"ಸ್ಟೀಲಿನಲ್ಲಿ ಕರೆಂಟು ಹೋಗ್ತದಾ?"

"ಹೋಗ್ತದೆ. ಆದರೆ ಅದಕ್ಕೆ ಕರೆಂಟು ಯಾರು ಕೊಡ್ತಾರೆ?"

"ಅದಕ್ಕೆ ಆಮೇಲೆ ಬರುವ. ಗಾಜು ತುಂಡಾದದ್ದನ್ನು ಎಲ್ಲರೂ ನೋಡಿದಿರಿ. ಸ್ಟೀಲನ್ನು ಯಾರೂ ನೋಡಲಿಲ್ಲ. ಅದು ತುಂಡಾಗಲೇ ಇಲ್ಲ! ಪ್ಲೇಯರ್ ಹಾಕಿ ಕತ್ತರಿಸಿದರೆ ಹೊದಿಕೆ, ಗಾಜು, ಸ್ಟೀಲು ಎಲ್ಲ ಒಂದೇ ಸಲಕ್ಕೆ ಹೋಗ್ತದೆ. ಇಲ್ಲಿ ಹೊದಿಕೆ ಮಾತ್ರ ಸುಲಿದು ಹೋಗಿದೆ. ಸುತ್ತಲೂ ಹಲ್ಲಿನ ಗುರುತು ಉಂಟು. ಅಳಿಲಿನದ್ದು. ಗಾಜು ತುಂಡಾದದ್ದು ಆಂಬ್ರೋಸ್ ಬೀಳುವಾಗ ಎಳೆದು." ಅವರು ಇನ್ನೊಂದಿಷ್ಟು ತುಂಡುಗಳನ್ನು ಸುರಿದರು. "ಇವು ನಿಮ್ಮ ಅಂಗಡಿಯ ಹಿಂದೆ ಸಿಕ್ಕಿದ್ದು ಶಶಾಂಕ. ಎಲ್ಲದರಲ್ಲೂ ಅದೇ ಹಲ್ಲು. ನಿಮಗೆ ಗೊತ್ತಿತ್ತಲ್ಲ?"

"ಮೇಡಂ, ಅಳಿಲು ಕಡೀತದೆ ಅಂತ ಹೇಳಿದರೆ ಯಾರು ಕನೆಕ್ಷನ್ ತಗೊಳ್ತಾರೆ?"

"ಅದಕ್ಕೆ ಆಂಬ್ರೋಸರ ಹೆಸರು ಹೇಳಿದಿರಿ?"

ಶಶಾಂಕ ತುಂಡುಗಳನ್ನು ಒಟ್ಟು ಮಾಡಲು ಕೈ ಚಾಚಿದ. ಜೋಯ್‌ಸ್ಟನ್ ಅವನ್ನು ಆಚೆ ಎಳೆದುಕೊಂಡ. ಥೂ, ಇವನ ಬಾಯಿಗೆ!

"ಈಗ ಕರೆಂಟು," ರಂಜನಿ ಮುಂದುವರಿಸಿದರು. "ಸವಿಯೊ, ಬೆಳಿಗ್ಗೆ ಇಗರ್ಜಿಯಲ್ಲಿ ಕರೆಂಟು ಹೋಗಿತ್ತಾ?"

"ಇಲ್ಲ. ಮೈಕು, ಫ್ಯಾನು ಎಲ್ಲ ಇತ್ತು."

"ಆಚೆ ಮನೆಯಲ್ಲೂ ಹೋಗಿರಲಿಲ್ಲ, ಈಚೆ ಮನೆಯಲ್ಲೂ ಇಲ್ಲ. ಕೇಳಿ ಬಂದಿದ್ದೇನೆ. ಹೋದದ್ದು ಈ ಒಂದು ಮನೆಯಲ್ಲಿ. ಅದೂ ಹೊರಗೆ ದಡ್ ಅನ್ನುವ ಕ್ಷಣದಲ್ಲೇ! ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು ಈ ಮನೆಯಲ್ಲಿ ಉಂಟು. ಅದು ಬಿತ್ತು. ಯಾಕೆ ಬಿತ್ತು? ಈ ಮನೆಯ ಕರೆಂಟು ಆ ಹೊತ್ತಿಗೆ ಒಬ್ಬ ಮನುಷ್ಯನ ಮೈಯಲ್ಲಿ ಹರಿದು, ಕಬ್ಬಿಣದ ಕಂಬದಿಂದ ನೆಲಕ್ಕೆ ಇಳಿಯಿತು. ಆಂಬ್ರೋಸರ ಬಲಗೈ ಕಂಬದಲ್ಲಿತ್ತು. ತನ್ನ ಕೇಬಲ್ ಕಟ್ಟುವ ಕೊಕ್ಕೆ ಸಿಗಲಿ ಅಂತ ಎಡಗೈಯಿಂದ ಫೈಬರನ್ನು ಆಚೆ ಸರಿಸಿದರು. ಅಳಿಲು ಸುಲಿದ ಜಾಗಕ್ಕೇ ಕೈ ಬಿತ್ತು. ಹೊರಗಿನ ಗೋಡೆಯಲ್ಲಿ ಈ ಸರಿಗೆಯ ತುದಿ ತುಕ್ಕು ಹಿಡಿದಿದೆ. ಅದರ ಮೇಲೆ ಮನೆಯಿಂದ ಕರೆಂಟು ಕೊಡುವ ಕ್ಲಿಪ್ಪು ಕಚ್ಚಿದ ಹೊಸ ಗೆರೆಗಳು ಹೊಳೆಯುತ್ತಾ ಉಂಟು. ಬಿದ್ದ ಸ್ವಿಚ್ಚನ್ನು ಎತ್ತಿದವರು ಯಾರು? ಅದಕ್ಕೆ ಮೊದಲು ಕ್ಲಿಪ್ಪು ತೆಗೆದವರು ಯಾರು?" ಅವರು ತಿರುಗಿದರು. "ಮಾಸ್ಟ್ರೇ, ನೀವು ಮಲಗಿರಲಿಲ್ಲ."

ಮಾಸ್ಟ್ರು ನೀರು ಬೇಕೆಂದು ಸನ್ನೆ ಮಾಡಿದರು. ಯಾರೂ ಏಳಲಿಲ್ಲ.

"ಸಾಯಿಸಲಿಕ್ಕೆ ಅಲ್ಲ," ಎಂದರು ಕೊನೆಗೆ. "ದೇವರಾಣೆ ಅಲ್ಲ. ದಿನಾ ರಾತ್ರಿ ವಯರಿಗೆ ಕರೆಂಟು ಕೊಟ್ಟು ಬೆಳಿಗ್ಗೆ ತೆಗೀತಿದ್ದೆ. ಮುಟ್ಟಿದ ಕೂಡಲೇ ಸ್ವಿಚ್ಚು ಬೀಳ್ತದೆ, ಯಾರೂ ಸಾಯುವುದಿಲ್ಲ. ಅದನ್ನು ಪಾಠ ಮಾಡಿದವ ನಾನು! ಕಳ್ಳನಿಗೆ ಒಂದು ಪೆಟ್ಟು, ಹೆದರಿ ಓಡ್ತಾನೆ ಅಂತ ಲೆಕ್ಕ ಹಾಕಿದ್ದೆ."

"ಲೆಕ್ಕ ಸರಿಯಾಗಿಯೇ ಇತ್ತು. ಕರೆಂಟಿನಿಂದ ಅವರು ಸಾಯಲಿಲ್ಲ," ಎಂದರು ರಂಜನಿ. "ಆದರೆ ಕಂಬದ ವಯರು ಮುಟ್ಟುವವನು ಏಣಿಯ ಮೇಲೆ ಇರ್ತಾನೆ ಮಾಸ್ಟ್ರೇ. ಅದು ನಿಮ್ಮ ತಲೆಗೆ ಬರಲಿಲ್ಲ. ಇನ್ನೊಂದು ಮಾತು ಕೇಳಿ. ಪ್ಲೇಯರಿನ ಹಿಡಿಗೆ ರಬ್ಬರು ಉಂಟು. ಅವರು ಕತ್ತರಿಸಲು ಬಂದಿದ್ದರೆ ಪ್ಲೇಯರಿನಿಂದಲೇ ಮುಟ್ಟುತ್ತಿದ್ದರು, ಶಾಕ್ ಹೊಡೆಯುತ್ತಿರಲಿಲ್ಲ. ಕಳ್ಳನಾಗಿದ್ದರೆ ಆಂಬ್ರೋಸ್ ಇವತ್ತು ಬದುಕಿರುತ್ತಿದ್ದರು."

ಶಾಲೆಟ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಾಗಾದರೆ ಅವನು ನನ್ನ ಗೇಟಿಗೆ ಯಾಕೆ ಬಂದ?" ಮಾಸ್ಟ್ರು ಸಟ್ಟನೆ ಎದ್ದರು. "ಯಾರು ಕರೆದರು ಅವನನ್ನು? ಹೇಳಿ!"

"ನಾನು."

ಸೌದಾಮಿನಿ. ಅವರು ಗಂಡನ ಮುಖ ನೋಡಲಿಲ್ಲ. ಶಾಲೆಟ್‌ಳ ಮುಂದೆ ಬಂದು ನಿಂತರು.

"ಅತ್ತೆಗೆ ಲೋಕಲ್ ಚಾನೆಲ್ ಬೇಕು. ಮಧೂರು ದೇವಸ್ಥಾನದ ಪೂಜೆ, ಗುರುತಿನವರ ಮದುವೆ ಬರುವುದು ಅದರಲ್ಲೇ. ಡಿಶ್ಶಲ್ಲಿ ಇಲ್ಲ, ಫೈಬರಲ್ಲಿ ಇಲ್ಲ. ದಿನಾ ಕೇಳಿ ಕೇಳಿ ಅಳ್ತಾರೆ. ಇವರಲ್ಲಿ ಹೇಳಿದರೆ ಕಳ್ಳನ ಕೇಬಲ್ ಬೇಡ ಅಂತಾರೆ. ಅದಕ್ಕೆ ನಾನೇ ಸೊಸೈಟಿಯಲ್ಲಿ ಹೇಳಿದೆ, ಇವರು ಏಳುವ ಮೊದಲು ಬಂದು ಅತ್ತೆಯ ಸಣ್ಣ ಟಿ.ವಿ.ಗೆ ಹಾಕಿ ಹೋಗಿ ಅಂತ." ಅವರು ಶಾಲೆಟ್‌ಳ ಎರಡೂ ಕೈ ಹಿಡಿದರು. "ಬೆಳಿಗ್ಗೆಯೇ ಹೇಳಬೇಕಿತ್ತು. ಊರೆಲ್ಲ ಕಳ್ಳ ಅನ್ನುವಾಗ ಹೆದರಿ ಬಾಯಿ ಮುಚ್ಚಿ ನಿಂತೆ. ನನ್ನ ಮಾತಿಗೆ ಬಂದವರು ಅವರು. ನನ್ನಿಂದ ಹೋದರು."

ಮಾಸ್ಟ್ರು ಕುರ್ಚಿಗೆ ಕುಸಿದರು. ಜೋಯ್‌ಸ್ಟನ್ ಅವರ ಭುಜ ಹಿಡಿದು ಎಬ್ಬಿಸಬೇಕಾಯಿತು.

"ಆಂಟಿ," ಎಂದ ಸವಿಯೊ ತಡವರಿಸುತ್ತ, "ಈಗಲೇ ಲೋಕಲ್ ಚಾನೆಲ್ಲಿನಲ್ಲಿ ಬರಹ ಓಡಿಸುವ. ಆಂಬ್ರೋಸ್ ಕತ್ತರಿಸಿದ್ದಲ್ಲ, ಕೆಲಸಕ್ಕೆ ಕರೆದರು ಅಂತ ಹೋದದ್ದು, ಅಂತ. ನಾನೇ ಟೈಪ್ ಮಾಡ್ತೇನೆ. ರಾತ್ರಿಯಿಡೀ ಓಡಲಿ."

ಶಾಲೆಟ್ ಅವನನ್ನು ನೋಡಿದಳು. ಆಮೇಲೆ ಶಶಾಂಕನನ್ನು ನೋಡಿದಳು. ಅವಳಿಗೆ ಸಿಟ್ಟು ಕೂಡ ಉಳಿದಿರಲಿಲ್ಲ.

"ಓಡಿಸು ಮಾರಾಯ, ಓಡಿಸು. ಆದರೆ ಅದು ಬರುವುದು ನಮ್ಮ ಕೇಬಲಿನಲ್ಲಿ ಮಾತ್ರ ಅಲ್ವಾ? ಊರಿಡೀ ನಿನ್ನ ಡಿಶ್ಶು, ಇವನ ಫೈಬರ್ರು. ಓದುವವರು ಯಾರು?"

ಜೋಯ್‌ಸ್ಟನ್ ಮಾಸ್ಟ್ರನ್ನು ಜೀಪಿಗೆ ಹತ್ತಿಸಿದ. ಶಾಲೆಟ್ ನಡೆದೇ ಮನೆಗೆ ಹೊರಟಳು. ಸೌದಾಮಿನಿ ಚಪ್ಪಲಿಯನ್ನೂ ಹಾಕದೆ ಅವಳ ಹಿಂದೆ ಹೋದರು, ದಾರಿಯಲ್ಲಿ ಸಿಕ್ಕಿದ ಮೊದಲ ಮನೆಯ ಅಂಗಳಕ್ಕೆ ಇಳಿದು ಬಾಗಿಲು ಬಡಿದರು. "ಬಾಗಿಲು ತೆಗೀರಿ, ಆಂಬ್ರೋಸರನ್ನು ಕರೆದದ್ದು ನಾನು."