ಹಳ್ಳದ ದಂಡೆಯ ಸಿಳ್ಳೆ

ಸತ್ತವನ ಸಿಳ್ಳೆ ನಿಷತಳಿಗೆ ಮೊದಲು ಕೇಳಿಸಿದ್ದು ಒಂದು ಉರಿಬಿಸಿಲಿನ ಮಧ್ಯಾಹ್ನ.

ಇಂಡಿ ಊರಿನ ಮನೆಯ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವಳು ಘಟ್ಟದ ಮಳೆಕಾಡನ್ನು ಆಲಿಸುತ್ತಿದ್ದಳು. ಕಪ್ಪೆ, ಜೀರುಂಡೆ, ಹಳ್ಳದ ನೀರು. ನಡುವೆ ನಿಧಾನವಾಗಿ ಏರಿ, ಕೊನೆಯಲ್ಲಿ ತುಸು ಬಾಗುವ ಆ ಸಿಳ್ಳೆ.

ಶಮಶುದ್ದೀನನದು.

ಫೈಲಿನ ತಾರೀಖು ನೋಡಿದಳು. ಆ ತಾರೀಖಿಗೆ ಅವನನ್ನು ಮಣ್ಣು ಮಾಡಿ ಆಗಲೇ ಒಂದು ಮಳೆಗಾಲ ಕಳೆದಿತ್ತು.

ಕಾಡಿನ ಮರಗಳಿಗೆ ರೆಕಾರ್ಡರ್ ಕಟ್ಟಿ, ಸಿಕ್ಕ ದನಿಗಳಿಂದ ಯಾವ ಜೀವ ಉಳಿದಿದೆ, ಯಾವುದು ಕಾಣೆಯಾಗಿದೆ ಎಂದು ತಿಳಿಯುವ ಕೆಲಸ ಅದು. ಕಟ್ಟುತ್ತಿದ್ದವನು ಶಮಶುದ್ದೀನ, ಮನೆಯಲ್ಲಿ ಕೂತು ಕೇಳಿ, ಒಂದೊಂದು ದನಿಗೂ ಹೆಸರು ಹಚ್ಚುತ್ತಿದ್ದವಳು ನಿಷತ. ರೆಕಾರ್ಡರ್ ಕಟ್ಟಿ ಮುಗಿಸಿದ ಮೇಲೆ ಅವನು ಅವಳಿಗೆಂದೇ ಒಂದು ಸಿಳ್ಳೆ ಹಾಕುತ್ತಿದ್ದ. ಇಬ್ಬರ ಮದುವೆ ನಿಶ್ಚಯವಾಗಿತ್ತು. ನಿಕಾಹ್‌ಗೆ ಮುಂಚೆಯೇ, ರೆಕಾರ್ಡರ್ ಕಟ್ಟಲು ಹೋದಾಗ, ಆ ಹಳ್ಳದ ಸೆಳವು ಅವನನ್ನು ಎಳೆದೊಯ್ದಿತು.

ರೆಕಾರ್ಡಿಂಗಿನಲ್ಲಿ ಮನುಷ್ಯರ ದನಿ ಬಂದರೆ ಅಳಿಸಿಬಿಡಬೇಕೆಂಬುದು ನಿಯಮ. ನಿಷತ ಅಳಿಸಲಿಲ್ಲ. ಹಳ್ಳದ ದಂಡೆಯಲ್ಲಿ ಥೇಟ್ ಮನುಷ್ಯನಂತೆ ಸಿಳ್ಳೆ ಹಾಕುವ ನೀಲಿ ಹಕ್ಕಿಯೊಂದು ಇರುತ್ತದೆ; ಅದರ ಹೆಸರು ಬರೆದಳು. ಸಿಳ್ಳೆ ಮತ್ತೆ ಬಂತು. ಮತ್ತೆ ಮತ್ತೆ ಬಂತು. ಸೋದರತ್ತೆ ಜೋಹರಾಬಿ ಊಟಕ್ಕೆ ಬಾಗಿಲು ತಟ್ಟಿದರೂ ಬೆಚ್ಚಿಬೀಳುವಂತಾದಳು. ಯಾರ ಮುಂದೆಯೂ ಬಾಯಿಬಿಡಲಿಲ್ಲ. ಹೇಳಿದರೆ ಅವನು ಹೋಗಿಬಿಡುತ್ತಾನೆ ಎನಿಸುತ್ತಿತ್ತು.

ಹೀಗಿರುವಾಗ ಸಿಂದಗಿಯ ಖಲೀಲ ಬಂದ. ಶಮಶುದ್ದೀನನ ಗೆಳೆಯ, ಈಗ ರೆಕಾರ್ಡರ್ ಕಟ್ಟುವವನು ಅವನೇ. ಜೋಹರಾಬಿ ಕೊಟ್ಟ ನಿಂಬೆ ಶರಬತ್ತನ್ನು ಕುಡಿಯದೆ, ಲೋಟವನ್ನೇ ತಿರುಗಿಸುತ್ತ ಕೂತ.

"ನೀವು ಬರದ ಪಟ್ಟಿ ನೋಡಿದ್ನಿ. ಆ ಹಳ್ಳದಾಗ ಈ ವರ್ಷ ಆ ನೀಲಿ ಹಕ್ಕಿ ಒಂದೂ ಇಲ್ರಿ," ಎಂದ ಕಡೆಗೆ. "ಮ್ಯಾಲಿನ ಕಾಡು ಕಡದಾರ, ನೀರು ಇಳದೈತಿ. ಕೆಳಗಿನ ಹಳ್ಳಿ ಮಂದಿ ಕುಡಿಯೂದು ಅದ ನೀರು. ಹಕ್ಕಿ ಐತಿ ಅಂತ ನೀವು ಬರದ್ರ, ಕಾಡು ಚಲೋ ಐತಿ ಅಂತ ಮ್ಯಾಲಿನ ಸಾಹೇಬ್ರು ಸುಮ್ಮನಾಗ್ತಾರ."

ನಿಷತ ಅವನತ್ತ ತಿರುಗಿದಳು. "ಹಕ್ಕಿ ಅಲ್ರಿ ಅದು. ಶಮಶುದ್ದೀನ. ನನಗ ಹುಚ್ಚು ಹಿಡದೈತಿ ಅಂತೀರೇನು? ಅನ್ರಿ."

ಖಲೀಲ ತಲೆ ತಗ್ಗಿಸಿದ. "ನಾನ್ರಿ ಅದು."

ಅವಳಿಗೆ ತಿಳಿಯಲಿಲ್ಲ.

"ಅಂವಾ ಬಿದ್ದ ಜಾಗಾದಾಗ ಒಬ್ಬನ ನಿಂದ್ರಾಕ ಅಂಜಿಕಿ ಆಗ್ತಿತ್ತು. ಅವನ ಸಿಳ್ಳಿ ಹಾಕಿದ್ರ ಜೋಡಿ ಅದಾನ ಅನಿಸ್ತಿತ್ತು."

"ನಾ ಕೇಳ್ತೇನಿ ಅಂತ ಗೊತ್ತಿತ್ತು ನಿಮಗ!"

"ಮೊದಲ ನೆನಪಾಗಲಿಲ್ಲ. ನೆನಪಾದ ಮ್ಯಾಲ..." ಅವನು ಮೊದಲ ಬಾರಿ ಕಣ್ಣೆತ್ತಿ ನೋಡಿದ. ಬಿಸಿಲಿಗೆ ಕಂದಿದ ಮುಖದಲ್ಲಿ ಆ ಕಣ್ಣುಗಳು ಮಾತ್ರ ಒದ್ದೆಯಾಗಿದ್ದವು. "ನೆನಪಾದ ಮ್ಯಾಲೂ ಬಿಡಲಿಲ್ರಿ. ನಿಮ್ಮ ಜೋಡಿ ಮಾತಾಡಾಕ ನನಗ ಬ್ಯಾರೆ ಹಾದಿ ಇರಲಿಲ್ಲ."

ಅವಳಿಗೆ ಸಿಟ್ಟು ಉಕ್ಕಿ ಬಂತು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಇಷ್ಟು ದಿನ ತಾನು ಜೀವ ಹಿಡಿದುಕೊಂಡಿದ್ದು ಸತ್ತವನ ಉಸಿರಿನಿಂದಲ್ಲ, ಇವನ ಉಸಿರಿನಿಂದ. ಆದರೆ ಬಯ್ಯಲು ತಿರುಗಿದವಳ ಬಾಯಿಂದ ಬಂದದ್ದೇ ಬೇರೆ.

"ನನಗೂ ಗೊತ್ತಿತ್ತು ಅನಸ್ತೈತಿ. ಸಿಳ್ಳಿ ಕೊನಿಗೆ ಗಾಳಿ ಸೋರತೈತಿ ನಿಮ್ಮದು. ಅಂವಂದು ಸೋರತಿದ್ದಿಲ್ಲ."

"ಮತ್ತ ಹಕ್ಕಿ ಅಂತ ಬರದ್ರಲ್ಲ!"

ನಗು ಬಂತು ಅವಳಿಗೆ. ಆ ನಗು ಅರ್ಧಕ್ಕೇ ಅಳುವಾಯಿತು. ಖಲೀಲ ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಅಳು ಮುಗಿಯುವ ತನಕ ಅಲ್ಲೇ ಕೂತಿದ್ದ.

ಆಮೇಲೆ ನಿಷತ ಕಂಪ್ಯೂಟರಿನ ಮುಂದೆ ಕೂತಳು. ಹಕ್ಕಿಯ ಹೆಸರಿದ್ದಲ್ಲೆಲ್ಲ 'ಮನುಷ್ಯ' ಎಂದು ತಿದ್ದಿ, ಒಂದೊಂದೇ ಸಿಳ್ಳೆಯನ್ನು ಅಳಿಸುತ್ತ ಹೋದಳು. ಕೊನೆಗೆ ಉಳಿದದ್ದು ಬತ್ತುತ್ತಿರುವ ನೀರಿನ ಸಣ್ಣ ಸದ್ದು, ಅದರ ಮೇಲೆ ಹಕ್ಕಿಯಿಲ್ಲದ ಮೌನ. ಅದನ್ನು ಹಾಗೆಯೇ ಮೇಲಿನವರಿಗೆ ಕಳಿಸಿದಳು.

ಅವನು ಹೊರಟು ನಿಂತಾಗ ಬಾಗಿಲ ತನಕ ಬಂದಳು.

"ಇನ್ನ ಮ್ಯಾಲ ಏನರ ಹೇಳೂದಿದ್ರ ಕಾಡಿಗೆ ಹೇಳಬ್ಯಾಡ್ರಿ. ನನಗ ಫೋನ್ ಮಾಡ್ರಿ."

ಸಿಂದಗಿ ಬಸ್ಸು ಇನ್ನೂ ಸ್ಟ್ಯಾಂಡ್ ಬಿಟ್ಟಿರಲಿಲ್ಲವೇನೋ, ಅಷ್ಟರಲ್ಲೇ ಫೋನು ಬಂತು. ಅತ್ತ ಕಂಡಕ್ಟರನ ಕೂಗು, ಎಂಜಿನ್ನಿನ ಗುರುಗುರು. ಕೇಳಿ ಪಳಗಿದ ಅವಳ ಕಿವಿ ಅವುಗಳ ಹಿಂದಿನ ಉಸಿರನ್ನು ಹುಡುಕಿ ಹಿಡಿಯಿತು.

"ಅಂವಾ ಏನಂದ್ಕೋತಾನ ಅಂತ ಅಂಜಿಕಿ ಆಗತೈತ್ರಿ ನನಗ," ಎಂದ ಖಲೀಲ.

"ನನಗೂ," ಎಂದಳು ನಿಷತ. "ಆದ್ರೂ ಫೋನ್ ಇಡಬ್ಯಾಡ್ರಿ."